ಕೆಂಗಣ್ಣಿಗೆ ಡ್ರಾಪ್ಸ್ ಬರೆಯುವ ಮೊದಲು ರೆಪ್ಪೆಯ ಮೇಲೆ ಸ್ಟೆತಸ್ಕೋಪ್ ಇಡಿ

ಮಳೆಗಾಲದ ಕೊಡಗಿನಲ್ಲಿ ಮದ್ರಾಸ್ ಐ ಹೊಸದೇನಲ್ಲ. ಆದರೆ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರ, ಘಾಟಿಯಲ್ಲಿ ಬೈಕ್ ಜಾರಿ ತಲೆಗೆ ಪೆಟ್ಟಾದವರ ಒಂದೇ ಕಣ್ಣು ಕೆಲವು ದಿನ ಅಥವಾ ವಾರಗಳ ನಂತರ ಕೆಂಪಾದರೆ, ಅದರಲ್ಲಿ ಗೀಜು ಇಲ್ಲದಿದ್ದರೆ, ಕ್ಯಾರೋಟಿಡ್-ಕ್ಯಾವರ್ನಸ್ ಫಿಸ್ಟುಲಾ ಇರಬಹುದೇ ಎಂದು ನೋಡಲೇಬೇಕು.

ಕಣ್ಣಿನ ಹಿಂದೆ, ತಲೆಬುರುಡೆಯ ತಳದಲ್ಲಿ ಕ್ಯಾವರ್ನಸ್ ಸೈನಸ್ ಎಂಬ ಅಭಿಧಮನಿಯ ಕೋಶವಿದೆ. ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಅಪಧಮನಿ ಅದರೊಳಗಿಂದಲೇ ಹಾದುಹೋಗುತ್ತದೆ. ಅಪಧಮನಿಯ ಗೋಡೆ ಹರಿದರೆ ರಭಸದ ರಕ್ತ ನೇರವಾಗಿ ಕೋಶಕ್ಕೆ ನುಗ್ಗಿ ಕಣ್ಣಿನತ್ತ ಹಿಮ್ಮುಖವಾಗಿ ಹರಿಯುತ್ತದೆ; ಇದೇ ಆ ಫಿಸ್ಟುಲಾ. ಪೆಟ್ಟೇ ಇಲ್ಲದೆ, ಸಣ್ಣ ಕವಲುಗಳಿಂದ ನಿಧಾನವಾಗಿ ಸೋರುವ ಇನ್ನೊಂದು ಬಗೆಯೂ ಇದೆ; ಅದು ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು.

ಮೊದಲು ಕೇಳಬೇಕಾದ ಪ್ರಶ್ನೆ: ತಲೆಯೊಳಗೆ ನಾಡಿಯ ಲಯಕ್ಕೆ ಸುಯ್ ಸುಯ್ ಸದ್ದು ಕೇಳುತ್ತದೆಯೇ? ಫ್ಯಾನ್ ಆರಿಸಿ, ಬಾಗಿಲು ಹಾಕಿ. ಆ ಕಣ್ಣು ಮುಚ್ಚಿಸಿ ರೆಪ್ಪೆಯ ಮೇಲೆ ಸ್ಟೆತಸ್ಕೋಪಿನ ಬೆಲ್ ಭಾಗವನ್ನು ಒತ್ತದೆ ಇಡಿ, ಉಸಿರು ಬಿಗಿಹಿಡಿಯಲು ಹೇಳಿ, ಅದೇ ಸದ್ದು ನಿಮಗೂ ಕೇಳಿಸುತ್ತದೆಯೇ ನೋಡಿ. ಸೋರಿಕೆ ನಿಧಾನದ್ದಾದರೆ ಏನೂ ಕೇಳಿಸದಿರಬಹುದು, ಹಾಗಾಗಿ ಮೌನ ನಂಬಬೇಡಿ. ಕರಿಗುಡ್ಡೆಯ ಅಂಚಿನವರೆಗೂ ಬರುವ, ಸ್ಕ್ರೂವಿನಂತೆ ಸುರುಳಿ ಸುತ್ತಿದ ದಪ್ಪ ರಕ್ತನಾಳಗಳು, ಮುಂದೆ ಉಬ್ಬಿ ಮಿಡಿಯುವ ಗುಡ್ಡೆ, ಹೊರಕ್ಕೆ ಹೊರಳದ ಕಣ್ಣು, ಎರಡೆರಡಾಗಿ ಕಾಣುವುದು ಇವುಗಳನ್ನೂ ಹುಡುಕಿ. ಕಣ್ಣಿನ ಒತ್ತಡ 21 ಮಿ.ಮೀ. ಪಾದರಸ ಮೀರಿರುವುದು ಸಾಮಾನ್ಯ. ಥೈರಾಯ್ಡ್ ಕಾಯಿಲೆಯಲ್ಲೂ ಕಣ್ಣು ಉಬ್ಬುತ್ತದೆ, ಆದರೆ ಅಲ್ಲಿ ಸದ್ದಾಗಲಿ ಮಿಡಿತವಾಗಲಿ ಇರುವುದಿಲ್ಲ.

ಸಿ.ಟಿ. ಅಥವಾ ಎಂ.ಆರ್.ಐ.ಯಲ್ಲಿ ಕಣ್ಣುಗುಳಿಯ ಮೇಲ್ಭಾಗದ ಅಭಿಧಮನಿ ಊದಿಕೊಂಡಿರುತ್ತದೆ. ಖಚಿತಪಡಿಸುವುದು ಡಿ.ಎಸ್.ಎ. ಆಂಜಿಯೋಗ್ರಾಮ್, ಅಂದರೆ ರಕ್ತನಾಳಕ್ಕೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ.

ರಭಸದ ಬಗೆ ತಾನಾಗಿ ಮುಚ್ಚುವುದು ಅಪರೂಪ. ತೊಡೆಸಂದಿಯ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ ಕಾಯಿಲ್ (ಲೋಹದ ಸಣ್ಣ ಸುರುಳಿ) ಅಥವಾ ಬಲೂನಿನಿಂದ ಬಿರುಕು ಮುಚ್ಚುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇದು ನಡೆಯುತ್ತದೆ. ಮೈಸೂರು, ಮಂಗಳೂರಿಗೆ ಕಳಿಸುವುದಾದರೆ ಸೌಲಭ್ಯವಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನಿಧಾನದ ಬಗೆ ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಒತ್ತಡ ಇಳಿಸುವ ಡ್ರಾಪ್ಸ್ ಹಾಕಿ, ಉಬ್ಬಿದ ಕಣ್ಣು ಒಣಗದಂತೆ ಜೆಲ್ ಹಚ್ಚುತ್ತಾ ಕಾಯಬಹುದು. ಉಬ್ಬಸ ಇರುವವರಿಗೆ ಅಂಥ ಡ್ರಾಪ್ಸ್‌ಗಳಲ್ಲಿ ಒಂದಾದ ಟಿಮೊಲಾಲ್ ಬೇಡ. ಕತ್ತಿನ ರಕ್ತನಾಳ ಒತ್ತಿ ಹಿಡಿಯುವ ಚಿಕಿತ್ಸೆಯನ್ನು ಆಂಜಿಯೋಗ್ರಾಮ್ ನೋಡಿದ ತಜ್ಞರೇ ಹೇಳಿಕೊಡಬೇಕು. ಕೊಬ್ಬು ಕಟ್ಟಿದ ಕ್ಯಾರೋಟಿಡ್ ಒತ್ತಿದರೆ ಪಾರ್ಶ್ವವಾಯು ಬಡಿಯಬಹುದು.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು, ವಾರಗಟ್ಟಲೆ ಆಂಟಿಬಯೋಟಿಕ್, ಸ್ಟೀರಾಯ್ಡ್ ಡ್ರಾಪ್ಸ್ ಹಾಕುತ್ತಾ ಕೂರುವುದು. ಸ್ಟೀರಾಯ್ಡ್ ಈಗಾಗಲೇ ಏರಿರುವ ಒತ್ತಡವನ್ನು ಇನ್ನಷ್ಟು ಏರಿಸಬಲ್ಲದು. ದೃಷ್ಟಿ ಮಂಜಾದರೆ, ಮೂಗಿನಿಂದ ರಕ್ತ ಸುರಿದರೆ, ಹಠಾತ್ ತಲೆನೋವು ಬಂದರೆ ರೋಗಿಯನ್ನು ಅಂದೇ ಕಳಿಸಿ. ಜೊತೆಗೆ ಸ್ಕ್ಯಾನಿನ ಸಿ.ಡಿ., ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ವರದಿ, ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಅದರ ಚೀಟಿ ಇರಲಿ.