ಹೊಸ ಸೈಲೆನ್ಸರ್ ಹಾಕೋದು ಅರ್ಧ ಗಂಟೆ ಕೆಲ್ಸ, ಹಳೇದು ಬಿಚ್ಚೋದೇ ಪಾಡು

ಬೈಕಿನ ಸೈಲೆನ್ಸರ್ ಮನೇಲೇ ಬದಲಾಯಿಸ್ತೀನಿ ಅಂತ ಹೊರಟವ್ರು ಹೊಸದನ್ನ ಕೂರ್ಸೋವಾಗ ಒದ್ದಾಡಿದ್ದು ನಾನು ನೋಡಿದ್ದು ಕಮ್ಮಿ, ಒದ್ದಾಟ ಎಲ್ಲ ಹಳೇದನ್ನ ಬಿಚ್ಚೋವಾಗ್ಲೇ. ಇಂಜಿನ್ನಿಂದ ಬೆಂಡ್ ಪೈಪ್ ಹೊರಗೆ ಬರೋ ಜಾಗದಲ್ಲಿ ಸಾಮಾನ್ಯವಾಗಿ ಎರಡು ನಟ್ಟಿರುತ್ತೆ, ವರ್ಷಗಟ್ಲೆ ಶಾಖ, ಮಳೆ, ಕೆಸರು ಕುಡಿದು ತುಕ್ಕು ಹಿಡ್ಕೊಂಡು ಕೂತಿರುತ್ತೆ. ಅದಕ್ಕೆ ಸ್ಪ್ಯಾನರ್ ಹಾಕಿ, ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಒಂದೇ ದಮ್ಮಿಗೆ ಎಳೀತಾರೆ. ಟಕ್ ಅನ್ನುತ್ತೆ, ಬಂತು ಅಂತ ಖುಷಿ, ನೋಡಿದ್ರೆ ನಟ್ಟಿನ ಜೊತೆ ಅರ್ಧ ಸ್ಟಡ್ಡೂ, ಅಂದ್ರೆ ಇಂಜಿನ್ನಿಂದ ಆಚೆ ಚಾಚಿ ನಟ್ಟನ್ನ ಹಿಡಿದಿರೋ ಥ್ರೆಡ್ ಇರೋ ಕಡ್ಡಿ, ಕೈಗೆ ಬಂದಿರುತ್ತೆ. ಇನ್ನರ್ಧ ಇಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್ ಒಳಗೇ. ನಾನೂ ಮೊದಲ ಸಲ ಹೀಗೇ ಮುರಿದಿದ್ದು, ಅದಕ್ಕೇ ಇಷ್ಟು ಹೇಳ್ತಿರೋದು.

ಆದ್ರಿಂದ ಮೊದ್ಲು ಬಗ್ಗಿ ಸರಿಯಾಗಿ ನೋಡಿ. ಬೆಂಡ್ ಪೈಪೂ ಹಿಂದಿನ ಡಬ್ಬಾನೂ ಬೇರೆ ಬೇರೆಯಾಗಿದ್ದು ಮಧ್ಯೆ ಕ್ಲಾಂಪ್ ಇದ್ರೆ ನಿಮ್ಮ ಅದೃಷ್ಟ, ಕ್ಲಾಂಪ್ ಸಡಿಲ ಮಾಡಿ ಡಬ್ಬಾ ಮಾತ್ರ ಬದಲಾಯಿಸಿ, ಇಂಜಿನ್ ಹತ್ರದ ನಟ್ಟನ್ನ ಮುಟ್ಲೇಬೇಡಿ. ಸ್ಲಿಪ್ ಆನ್ ಅಂತಾರಲ್ಲ, ಅದು ಇದೇ. ಸೌಂಡು, ತೂಕ ಎರಡರಲ್ಲೂ ನಿಮಗೆ ಬೇಕಾದ ಬದಲಾವಣೆ ಬಹುಪಾಲು ಇಲ್ಲೇ ಸಿಗುತ್ತೆ. ಪೂರ್ತಿ ಸಿಸ್ಟಮ್ ಬಿಚ್ಚೋದು ಒಂದೇ ಪೀಸ್ ಇದ್ರೆ ಅಥವಾ ಬೆಂಡ್ ಪೈಪೇ ತೂತಾಗಿದ್ರೆ ಮಾತ್ರ. ಇನ್ನು ಒಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬಿಸಾಕು, ಪವರ್ ಬರುತ್ತೆ ಅನ್ನೋ ಸಲಹೆ ಕೊಡೋರ ಮಾತು ಕೇಳ್ಬೇಡಿ. ಜೇನುಗೂಡಿನ ಥರ ಇರೋ ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಇರುತ್ತೆ, ವಿಷದ ಕಾರ್ಬನ್ ಮೊನಾಕ್ಸೈಡನ್ನ ಕಾರ್ಬನ್ ಡೈ ಆಕ್ಸೈಡ್ ಮಾಡಿ ಬಿಡೋದು ಅದೇ. ತೆಗೆದ್ರೆ ಕಾನೂನಿನ ತಲೆನೋವು ಬೇರೆ.

ಈಗ ಆ ನಟ್ಟಿನ ವಿಷ್ಯ. ಇದನ್ನ ಹಿಂದಿನ ದಿನ ಸಂಜೆನೇ ಶುರು ಮಾಡ್ಬೇಕು. ನಟ್ಟಿನಿಂದ ಆಚೆ ಚಾಚಿರೋ ಸ್ಟಡ್ಡಿನ ಥ್ರೆಡ್ಡನ್ನ ವೈರ್ ಬ್ರಷ್ಷಲ್ಲಿ ಚೆನ್ನಾಗಿ ಉಜ್ಜಿ, ಇದನ್ನ ಎಲ್ರೂ ಮರೀತಾರೆ, ನಟ್ಟು ಬಿಚ್ಕೊಂಡು ಬರ್ಬೇಕಾದ ದಾರಿನೇ ಅದು, ದಾರೀಲಿ ತುಕ್ಕಿದ್ರೆ ಅರ್ಧಕ್ಕೆ ಬಂದು ಕಚ್ಕೊಳ್ಳುತ್ತೆ. ಆಮೇಲೆ ತುಕ್ಕು ಬಿಡಿಸೋ ಆಯಿಲ್ ಹಾಕಿ ರಾತ್ರಿ ಪೂರ್ತಿ ಬಿಡಿ. ಎಲ್ಲದಕ್ಕೂ ಆಗುತ್ತೆ ಅಂತ ಮಾರೋ ಸಾದಾ ಸ್ಪ್ರೇ ಅಲ್ಲ, ತುಕ್ಕಿನೊಳಗೆ ಇಳಿಯೋಕೇ ಅಂತ ಮಾಡಿರೋ ಪೆನಿಟ್ರೇಟಿಂಗ್ ಆಯಿಲ್ ಬೇಕು.

ಬೆಳಿಗ್ಗೆ ಆಯಿಲ್ ಒರೆಸಿ, ಬೈಕನ್ನ ಬಯಲಲ್ಲಿ ನಿಲ್ಲಿಸಿ ಎರಡ್ಮೂರು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿ. ಮುಚ್ಚಿದ ಶೆಡ್ಡಲ್ಲಿ ಮಾತ್ರ ಓಡಿಸ್ಬೇಡಿ, ಆ ಹೊಗೆ ಪ್ರಾಣ ತೆಗೆಯುತ್ತೆ. ಬಿಸಿ ಯಾಕೆ ಅಂದ್ರೆ ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು, ಅಲ್ಯೂಮಿನಿಯಂ ಉಕ್ಕಿಗಿಂತ ಹತ್ರತ್ರ ಎರಡು ಪಟ್ಟು ಹಿಗ್ಗುತ್ತೆ, ಹಿಡಿತ ಸ್ವಲ್ಪ ಸಡಿಲ ಆಗುತ್ತೆ. ನಟ್ಟು ಹಟ ಹಿಡಿದ್ರೂ ಸ್ಟಡ್ ಮುರಿಯೋ ಬದ್ಲು ಇಡಿಯಾಗಿ ಸುತ್ಕೊಂಡು ಆಚೆ ಬರ್ಬಹುದು. ಹಾಗೆ ಬಂದ್ರೆ ಗಾಬರಿ ಬೇಡ, ಅದು ಒಳ್ಳೇದೇ, ಹೊಸ ಸ್ಟಡ್ ಹಾಕಿ. ಸುಡೋ ಪೈಪಿಗೆ ಸ್ಪ್ರೇ ಹೊಡೀಬೇಡಿ, ಬೆಂಕಿ ಹತ್ಕೊಳ್ಳುತ್ತೆ. ದಪ್ಪ ಗ್ಲೌಸ್ ಹಾಕ್ಕೊಂಡು ಕೆಲ್ಸ ಮಾಡೋವಷ್ಟು ಬಿಸಿ ಇಳೀಲಿ.

ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೇದು ತುಕ್ಕು ಹಿಡಿದ ನಟ್ಟಿನ ಮೂಲೆ ಸವೆಸಿ ಉಂಡೆ ಮಾಡುತ್ತೆ, ಅಡ್ಜಸ್ಟಬಲ್ ಸ್ಪ್ಯಾನರ್ ಅಂತೂ ಆ ದಿನ ಟೂಲ್ ಬಾಕ್ಸಿಂದ ಆಚೆ ಬರೋದೇ ಬೇಡ. ಸಾಕೆಟ್ ಪೂರ್ತಿ ಕೂತಿದೆಯಾ ನೋಡಿ, ಸುತ್ತಿಗೇಲಿ ಮೆಲ್ಲಗೆ ನಾಲ್ಕೈದು ತಟ್ಟಿ, ಮೊದ್ಲು ಕೂದಲೆಳೆಯಷ್ಟು ಟೈಟ್ ಕಡೆಗೇ ತಿರುಗಿಸಿ, ಹೌದು ಟೈಟ್ ಕಡೆಗೆ, ಆಗ ತುಕ್ಕು ಒಡೆಯುತ್ತೆ, ಆಮೇಲೆ ಲೂಸ್ ಕಡೆಗೆ. ಕಾಲು ಸುತ್ತು ಬಂದ್ರೆ ಅದರಲ್ಲಿ ಅರ್ಧದಷ್ಟು ವಾಪಸ್, ಮತ್ತೆ ಕಾಲು ಸುತ್ತು. ಕಿರ್ ಕಿರ್ ಅಂದ್ರೆ ನಿಲ್ಸಿ, ಆರಲಿ, ಆಯಿಲ್ ಹಾಕಿ, ಟೀ ಕುಡಿದು ಬನ್ನಿ. ಸ್ಪ್ರಿಂಗ್ ಥರ ಜಗ್ಗಿದ ಹಾಗೆ ಆಗ್ತಿದೆ ಅನ್ಸಿದ್ರೆ ತಿರುಗ್ತಿರೋದು ನಟ್ಟಲ್ಲ, ಸ್ಟಡ್ ತಿರುಚ್ಕೊಳ್ತಿದೆ.

ಮುರಿದೇ ಹೋಯ್ತಾ? ಸ್ವಲ್ಪ ಆಚೆ ಚಾಚಿದ್ರೆ ಲಾಕಿಂಗ್ ಪ್ಲೈಯರ್ರಲ್ಲಿ ಹಿಡಿದು ನೋಡಿ. ಹೆಡ್ಡಿನ ಮಟ್ಟಕ್ಕೇ ಸಮವಾಗಿ ಮುರಿದಿದ್ರೆ ದಯವಿಟ್ಟು ಸ್ಕ್ರೂ ಎಕ್ಸ್ಟ್ರಾಕ್ಟರ್ (ಮುರಿದ ತುಂಡಿಗೆ ತೂತು ಕೊರೆದು ತಿರುಗಿಸಿ ತೆಗೆಯೋ ಟೂಲು) ತೂರಿಸ್ಬೇಡಿ, ಅದು ಬಲು ಗಟ್ಟಿ ಉಕ್ಕು, ಒಳಗೆ ಮುರಿದ್ರೆ ಸಾಮಾನ್ಯ ಡ್ರಿಲ್ ಬಿಟ್ಟಿಗೆ ಬಗ್ಗಲ್ಲ, ಒಂದು ತೊಂದರೆ ಇದ್ದಿದ್ದು ಎರಡಾಗುತ್ತೆ. ಮುರಿದ ಸ್ಟಡ್ಡಿಗೆ ನಟ್ ವೆಲ್ಡ್ ಮಾಡಿ ತೆಗೆಯೋರಿಗೆ ಕೊಡಿ.

ಪೈಪ್ ಕೆಳಗೆ ಇಳಿಸೋಕೆ ಮುಂಚೆ ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯೋ ಆಕ್ಸಿಜನ್ ಸೆನ್ಸರ್ ಇದ್ರೆ ಅದರ ವೈರ್ ಕನೆಕ್ಟರ್ ಬಿಚ್ಚಿ, ಇಲ್ಲಾಂದ್ರೆ ಪೈಪ್ ವೈರಲ್ಲೇ ನೇತಾಡುತ್ತೆ. ಪೈಪ್ ಬಂದ್ಮೇಲೆ ಪೋರ್ಟ್ ಒಳಗೆ, ಅಂದ್ರೆ ಹೆಡ್ಡಿಂದ ಹೊಗೆ ಆಚೆ ಬರೋ ತೂತಿನೊಳಗೆ, ಬೆರಳು ಹಾಕಿ ನೋಡಿ, ಜಾಯಿಂಟ್ ಲೀಕ್ ಆಗದ ಹಾಗೆ ಹಾಕಿರೋ ಹಳೇ ಗ್ಯಾಸ್ಕೆಟ್ ರಿಂಗ್ ಮಸಿ ಹಿಡಿದು ಹೆಡ್ಡಿನ ಭಾಗವೇ ಅನ್ನೋ ಹಾಗೆ ಅಂಟ್ಕೊಂಡಿರುತ್ತೆ, ಎಷ್ಟೋ ಜನ ಅದರ ಮೇಲೇ ಹೊಸದನ್ನ ಕೂರಿಸಿ ಲೀಕ್ ಯಾಕೆ ಅಂತ ಹುಡುಕ್ತಾ ಕೂತಿರ್ತಾರೆ. ಅದನ್ನ ಮೀಟಿ ತೆಗೀರಿ. ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಹೊಸದೇ, ಹಳೇದು ಒಂದ್ಸಲ ಚಪ್ಪಟೆ ಆದ್ಮೇಲೆ ಮುಗೀತು. ಬೆಂಡ್ ಪೈಪ್ ಬಾಯಿಗೆ ಸಿಲಿಕೋನ್ ಮೆತ್ತೋದು ಮಾತ್ರ ಬೇಡ, ಆ ಶಾಖಕ್ಕೆ ಅದು ಉಳಿಯಲ್ಲ, ಅದರ ಆವಿ ಸೆನ್ಸರನ್ನೂ ಹಾಳು ಮಾಡ್ಬಹುದು.

ಹಾಕೋದು ಸುಲಭ. ಎಲ್ಲ ನಟ್ಟು, ಕ್ಲಾಂಪು, ಬ್ರಾಕೆಟ್ ಬೋಲ್ಟು ಬೆರಳಲ್ಲೇ ಹಾಕಿ, ಪೈಪ್ ತಾನಾಗೇ ಕೂತ್ಕೊಳ್ಳಲಿ, ಆಮೇಲೆ ಇಂಜಿನ್ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಟೈಟ್ ಮಾಡ್ತಾ ಹೋಗಿ, ಹೆಡ್ಡಿನ ಎರಡು ನಟ್ಟನ್ನ ಅದಲು ಬದಲಾಗಿ ಸ್ವಲ್ಪ ಸ್ವಲ್ಪ. ಹಿಂದಿನ ಬ್ರಾಕೆಟ್ ಮೊದ್ಲು ಬಿಗಿದ್ರೆ ಪೈಪ್ ಟೆನ್ಷನ್ನಲ್ಲಿ ಕೂತು ಬ್ರಾಕೆಟ್ ಸೀಳ್ಬಹುದು. ಟಾರ್ಕ್, ಅಂದ್ರೆ ಎಷ್ಟು ಬಲ ಹಾಕಿ ಬಿಗೀಬೇಕು ಅಂತ, ನಿಮ್ಮ ಬೈಕಿನ ಮ್ಯಾನುಯಲ್ಲೇ ನೋಡಿ. ಥ್ರೆಡ್ಡಿಗೆ ತಾಮ್ರದ ಆಂಟಿ ಸೀಜ್ (ನಟ್ಟು ಕಚ್ಕೊಳ್ಳದ ಹಾಗೆ ಹಚ್ಚೋ ಪೇಸ್ಟ್) ಒಂಚೂರು ಸವರಿ, ಮುಂದಿನ ಸಲ ನಿಮಗೆ ನೀವೇ ಥ್ಯಾಂಕ್ಸ್ ಹೇಳ್ತೀರ. ಸ್ಟಾರ್ಟ್ ಮಾಡೋಕೆ ಮುಂಚೆ ಹೊಸ ಪೈಪನ್ನ ಸ್ಪಿರಿಟ್ಟಲ್ಲಿ ಒರೆಸಿ ಆರಲು ಬಿಡಿ, ಕೈಯ ಎಣ್ಣೆ ಕಲೆ ಮೊದಲ ಬಿಸಿಗೇ ಸ್ಟೀಲಿನ ಮೇಲೆ ಅಚ್ಚೊತ್ತಿದ ಹಾಗೆ ಕೂತ್ಬಿಡುತ್ತೆ. ಬೆಂಡ್ ಪೈಪಿಗೆ ಶಾಖ ತಡೆಯೋ ಬಟ್ಟೆಪಟ್ಟಿ ಸುತ್ತೋ ಶೋಕಿ ನನಗಂತೂ ಸೇರಲ್ಲ, ನೀರು ಹಿಡ್ಕೊಂಡು ಒಳಗೇ ತುಕ್ಕು ತರುತ್ತೆ. ಹಳೇ ಡಬ್ಬಾಗೇ ಡ್ರಿಲ್ಲಲ್ಲಿ ತೂತು ಹೊಡೆಯೋದೂ ಅಷ್ಟೇ, ಗಲಾಟೆ ಬಿಟ್ರೆ ಏನೂ ಸಿಗಲ್ಲ.

ಸ್ಟಾರ್ಟ್ ಮಾಡಿದ ತಕ್ಷಣ, ಪೈಪ್ ತಣ್ಣಗಿರೋವಾಗ್ಲೇ, ಒದ್ದೆ ಬಟ್ಟೇಲಿ ಹಿಂದಿನ ಬಾಯಿ ಎರಡು ಸೆಕೆಂಡ್ ಒತ್ತಿ ಹಿಡೀರಿ. ಜಾಯಿಂಟಲ್ಲಿ ಚಸ್ ಚಸ್ ಅಂದ್ರೆ ಲೀಕ್. ಥ್ರಾಟಲ್ ಬಿಟ್ಟಾಗ ಪಟಪಟ ಅಂದ್ರೆ ಎಲ್ರೂ ಮೊದ್ಲು ಕಾರ್ಬುರೇಟರಿಗೆ ಕೈ ಹಾಕ್ತಾರೆ, ಆದ್ರೆ ಎಷ್ಟೋ ಸಲ ಜಾಯಿಂಟಿಂದ ಗಾಳಿ ಒಳಗೆ ಎಳ್ಕೊಂಡು ಉಳಿದ ಪೆಟ್ರೋಲ್ ಪೈಪಲ್ಲೇ ಉರಿತಿರುತ್ತೆ. ಲೀಕ್ ಇಲ್ಲ ಅಂತ ಖಾತ್ರಿ ಆದ್ಮೇಲೆ ಕಾರ್ಬುರೇಟರಲ್ಲಿ ಪೆಟ್ರೋಲ್ ಅಳತೆ ಮಾಡಿ ಬಿಡೋ ಜೆಟ್ ಕಡೆ ನೋಡಿ.

ಮೊದಲ ರೈಡ್ ಮುಗಿಸಿ ಪೂರ್ತಿ ತಣ್ಣಗಾದ್ಮೇಲೆ ಎಲ್ಲ ನಟ್ಟನ್ನ ಇನ್ನೊಂದ್ಸಲ ಚೆಕ್ ಮಾಡಿ, ಹೊಸ ಗ್ಯಾಸ್ಕೆಟ್ ಒತ್ಕೊಂಡು ಒಂದಿಷ್ಟು ಸಡಿಲ ಆಗಿರುತ್ತೆ. ಹಳೇ ಸೈಲೆನ್ಸರ್ ಗುಜರಿಗೆ ಹಾಕ್ಬೇಡಿ, ಬೈಕ್ ಮಾರೋವಾಗ ಕೇಳ್ತಾರೆ. ಎತ್ತಿಡೋವಾಗ ಎರಡೂ ಬಾಯಿಗೆ ಬಟ್ಟೆ ತುರುಕಿ, ಇಲ್ಲಾಂದ್ರೆ ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿರುತ್ತೆ.