ಎರಡು ಸಾವಿರ ರೂಪಾಯಿಯೊಳಗೆ ಹಾಡಿಗೂ ಆಟಕ್ಕೂ ಒದಗುವ ಇಯರ್‌ಫೋನ್: ಆರಿಸುವುದು ಹೇಗೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಮೊಬೈಲ್ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟ ಇಯರ್‌ಬಡ್ ಡಬ್ಬಿಗಳ ಮೇಲೆ ಒಂದಕ್ಕಿಂತ ಒಂದು ದೊಡ್ಡ ಅಂಕಿ: 13 ಎಂಎಂ ಡ್ರೈವರ್, 60 ಗಂಟೆ ಬ್ಯಾಟರಿ, ಬ್ಲೂಟೂತ್ 5.3, 40 ಮಿಲಿಸೆಕೆಂಡ್ ಗೇಮ್ ಮೋಡ್. ಆಳಂದ, ಜೇವರ್ಗಿ, ಚಿಂಚೋಳಿ ಕಡೆಯಿಂದ ಬಂದು ಇಲ್ಲಿ ಓದುತ್ತಿರುವ ಹುಡುಗ ಹುಡುಗಿಯರು ತಿಂಗಳ ಖರ್ಚಿನಲ್ಲಿ ಉಳಿಸಿದ ಸಾವಿರ, ಒಂದೂವರೆ ಸಾವಿರ ರೂಪಾಯಿ ಹಿಡಿದು ಈ ಅಂಕಿಗಳ ಮುಂದೆ ನಿಂತಾಗ ಗೊಂದಲವಾಗುವುದು ಸಹಜ. ಅವರಿಗೆ ಬೇಕಿರುವುದು ಮೂರೇ: ಹಾಡು ಚೆನ್ನಾಗಿ ಕೇಳಬೇಕು, ಬಿಜಿಎಂಐ ಎಂಬ ಗುಂಡು ಹಾರಿಸುವ ಮೊಬೈಲ್ ಆಟ ಆಡುವಾಗ ಎದುರಾಳಿಯ ಹೆಜ್ಜೆ ಸದ್ದು ತಡವಿಲ್ಲದೆ ಕಿವಿಗೆ ಬೀಳಬೇಕು, ಕೊಂಡದ್ದು ಎರಡು ವರ್ಷವಾದರೂ ಬಾಳಬೇಕು. ಈ ಮೂರೂ ಸಣ್ಣ ಹಣದಲ್ಲಿ ಸಿಗುತ್ತವೆ. ಆದರೆ ಅಂಕಿ ನೋಡಿ ಆರಿಸಿದವರಿಗಲ್ಲ, ಕಿವಿಗೆ ಹಾಕಿ ಆರಿಸಿದವರಿಗೆ.

ಮೊದಲು ತಂತಿಯ ಮಾತು ಮುಗಿಸಿ

ಹಣ ಕಡಿಮೆ ಇದ್ದಷ್ಟೂ ತಂತಿಯ ಇಯರ್‌ಫೋನ್ ಕಡೆಗೆ ವಾಲುವುದು ಜಾಣತನ. ಒಂದೂವರೆ ಸಾವಿರದ ನಿಸ್ತಂತು ಇಯರ್‌ಬಡ್‌ನಲ್ಲಿ ನಿಮ್ಮ ದುಡ್ಡು ಎರಡು ಬಡ್‌ಗಳ ಬ್ಯಾಟರಿ, ಡಬ್ಬಿಯ ಬ್ಯಾಟರಿ, ಬ್ಲೂಟೂತ್ ಚಿಪ್, ಚಾರ್ಜಿಂಗ್ ವ್ಯವಸ್ಥೆ ಎಂದು ಹಂಚಿಹೋಗುತ್ತದೆ. ತಂತಿಯದ್ದರಲ್ಲಿ ಇವು ಯಾವುವೂ ಇಲ್ಲ, ಹಣದ ಹೆಚ್ಚಿನ ಪಾಲು ಸದ್ದು ಹೊರಡಿಸುವ ಭಾಗಕ್ಕೇ, ಅಂದರೆ ಡ್ರೈವರ್‌ಗೇ ಸಲ್ಲುತ್ತದೆ. ಹೀಗಾಗಿಯೇ ಒಂದು ಸಾವಿರದ ಆಸುಪಾಸಿನ ಒಳ್ಳೆಯ ತಂತಿಯ ಇಯರ್‌ಫೋನ್ ಅದರ ಎರಡು ಪಟ್ಟು ಬೆಲೆಯ ನಿಸ್ತಂತು ಜೋಡಿಗಿಂತ ಸ್ವಚ್ಛವಾಗಿ ಹಾಡುವುದು ಅಪರೂಪವೇನಲ್ಲ.

ಆಟದ ವಿಷಯಕ್ಕೆ ಬಂದರೆ ವ್ಯತ್ಯಾಸ ಇನ್ನೂ ದೊಡ್ಡದು. ಬ್ಲೂಟೂತ್‌ನಲ್ಲಿ ಫೋನು ಸದ್ದನ್ನು ಮೊದಲು ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಬಡ್ ಅದನ್ನು ಮತ್ತೆ ಬಿಡಿಸಿ ಕಿವಿಗೆ ಕೊಡಬೇಕು. ಹೀಗೆ ಕುಗ್ಗಿಸಿ ಬಿಡಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಸಾಮಾನ್ಯ ಎಸ್‌ಬಿಸಿ ಕೋಡೆಕ್‌ನಲ್ಲಿ ಇದಕ್ಕೆ ಸುಮಾರು 150ರಿಂದ 250 ಮಿಲಿಸೆಕೆಂಡ್ ಹಿಡಿಯುತ್ತದೆ, ಅಂದರೆ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ವಿಡಿಯೊ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸಿ ತುಟಿಗೂ ಮಾತಿಗೂ ಹೊಂದಾಣಿಕೆ ಮಾಡುತ್ತವೆ. ಆಟದಲ್ಲಿ ಹಾಗೆ ಮಾಡಲು ಬರುವುದಿಲ್ಲ. ನೀವು ಗುಂಡಿ ಒತ್ತಿದ ಕ್ಷಣವೇ ಚಿತ್ರ ಬದಲಾಗಬೇಕು, ಸದ್ದು ಮಾತ್ರ ಹಿಂದೆ ಉಳಿಯುತ್ತದೆ. ಬಂದೂಕಿನ ಬಾಯಲ್ಲಿ ಬೆಂಕಿ ಕಂಡ ಮೇಲೆ ಸದ್ದು ಬರುವುದು, ಎದುರಾಳಿ ಬಾಗಿಲು ದಾಟಿದ ಮೇಲೆ ಹೆಜ್ಜೆ ಕೇಳುವುದು ಈ ಕಾರಣಕ್ಕೇ.

ಗೇಮ್ ಮೋಡ್ ಈ ತಡವನ್ನು ನಿಜವಾಗಿಯೂ ಇಳಿಸುತ್ತದೆ. ಡಬ್ಬಿಯ ಮೇಲೆ ಬರೆದ 40 ಅಥವಾ 50 ಮಿಲಿಸೆಕೆಂಡ್ ಕಂಪನಿ ತನ್ನ ಕಡೆಯಿಂದ ಹೇಳುವ ಲೆಕ್ಕ. ನಿಮ್ಮ ಫೋನಿನಲ್ಲಿ ಅದು ಹೆಚ್ಚಾಗುವುದುಂಟು, ಆದರೂ ಮೋಡ್ ಇಲ್ಲದ ಬಡ್‌ಗಿಂತ ಇರುವುದು ಮೇಲು. ವಾರಕ್ಕೊಮ್ಮೆ ಹೊತ್ತು ಕಳೆಯಲು ಆಡುವವರಿಗೆ ಇಷ್ಟು ಸಾಕು. ರ್‍ಯಾಂಕ್ ಏರಬೇಕೆಂದು ಹಟ ಹಿಡಿದು ಆಡುವವರು ತಂತಿಯನ್ನೇ ಕೊಳ್ಳಲಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಬ್ಲೂಟೂತ್‌ನ ಇನ್ನೊಂದು ತೊಡಕನ್ನು ಅಂಗಡಿಯವರು ಹೇಳುವುದಿಲ್ಲ. ಆಟದ ನಡುವೆ ಗೆಳೆಯರೊಂದಿಗೆ ಮಾತಾಡಲು ಮೈಕ್ ಆನ್ ಮಾಡಿದೊಡನೆ ಹಲವು ಫೋನ್ ಮತ್ತು ಲ್ಯಾಪ್‌ಟಾಪ್‌ಗಳಲ್ಲಿ ಸಂಪರ್ಕವು ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಎಡ ಬಲದ ಭೇದ ಅಳಿಸಿಹೋಗಿ, ಸದ್ದೆಲ್ಲ ಒಂದೇ ಕೊಳವೆಯೊಳಗಿಂದ ಬಂದಂತೆ ಮಂಕಾಗುತ್ತದೆ. ಬಡ್ ಕೆಟ್ಟಿದೆ ಎಂದು ತಿಳಿದು ಬದಲಾಯಿಸಲು ಓಡುವವರಿದ್ದಾರೆ. ಕೆಟ್ಟಿರುವುದಿಲ್ಲ, ಅದರ ರೀತಿಯೇ ಹಾಗೆ.

ನಿಮ್ಮ ಫೋನಿನಲ್ಲಿ ಯಾವ ತೂತು ಇದೆ?

ತಂತಿ ಎಂದು ನಿರ್ಧರಿಸಿದ ಮೇಲೆ ಫೋನನ್ನು ತಿರುಗಿಸಿ ನೋಡಿ. 3.5 ಎಂಎಂ ಜಾಕ್ ಇದ್ದರೆ ಚಿಂತೆಯೇ ಇಲ್ಲ. ಟೈಪ್-ಸಿ ಮಾತ್ರ ಇದ್ದರೆ ಎರಡು ದಾರಿಗಳಿವೆ: ಟೈಪ್-ಸಿ ಇಯರ್‌ಫೋನನ್ನೇ ಕೊಳ್ಳುವುದು, ಇಲ್ಲವೇ ಸಾಮಾನ್ಯ ಇಯರ್‌ಫೋನಿಗೆ ಒಂದು ಪುಟ್ಟ ಅಡಾಪ್ಟರ್ ಸೇರಿಸುವುದು. ಅಡಾಪ್ಟರ್ ಕೇಳುವಾಗ ‘ಡ್ಯಾಕ್ ಇರುವುದು ಕೊಡಿ’ ಎಂದೇ ಕೇಳಿ. ಡ್ಯಾಕ್ ಎಂದರೆ ಡಿಜಿಟಲ್ ಸಂಕೇತವನ್ನು ಸದ್ದಾಗಿ ಬದಲಿಸುವ ಚಿಪ್. ಅದಿಲ್ಲದ ಅಗ್ಗದ ಅಡಾಪ್ಟರ್ ಕೆಲವು ಫೋನುಗಳಲ್ಲಿ ಮಾತ್ರ ನಡೆಯುತ್ತದೆ, ಉಳಿದವುಗಳಲ್ಲಿ ಮೌನ. ಉದ್ದ ಹೊತ್ತು ಆಡುವವರು ಇನ್ನೊಂದನ್ನೂ ಯೋಚಿಸಬೇಕು: ಇರುವ ಒಂದೇ ತೂತಿಗೆ ಇಯರ್‌ಫೋನ್ ಚುಚ್ಚಿದರೆ ಚಾರ್ಜರ್ ಎಲ್ಲಿಗೆ? ಚಾರ್ಜಿಂಗ್‌ಗೂ ಸದ್ದಿಗೂ ಬೇರೆ ಬೇರೆ ತೂತು ಇರುವ ಅಡಾಪ್ಟರ್ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ.

ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಆಡುವವರು ಹಿಂಬದಿಯ ಹಸಿರು ಮತ್ತು ಗುಲಾಬಿ ತೂತುಗಳನ್ನು ನೋಡಿರುತ್ತೀರಿ. ಹಸಿರು ಕೇಳಲು, ಗುಲಾಬಿ ಮೈಕ್‌ಗೆ. ಒಂದೇ ಪಿನ್ ಇರುವ ಹೆಡ್‌ಸೆಟ್‌ನ ಮೈಕ್ ಅಲ್ಲಿ ಕೆಲಸ ಮಾಡಬೇಕೆಂದರೆ ಒಂದನ್ನು ಎರಡಾಗಿ ಸೀಳುವ ಸ್ಪ್ಲಿಟರ್ ಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಸೇರಿದ ಒಂದೇ ಜಾಕ್ ಇರುತ್ತದೆ.

ಕಿವಿಗೆ ಕೂರುತ್ತದೆಯೇ?

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಕಿವಿಯೊಳಗೆ ಕೂರುವ ಇಯರ್‌ಫೋನ್ ಜೊತೆ ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೋಡಿ ರಬ್ಬರ್ ತುದಿಗಳು ಬರುತ್ತವೆ. ಬಹಳಷ್ಟು ಮಂದಿ ಡಬ್ಬಿಯಿಂದ ತೆಗೆದಾಗ ಸಿಕ್ಕಿಸಿದ್ದ ಮಧ್ಯಮವನ್ನೇ ಕೊನೆಯವರೆಗೂ ಬಳಸುತ್ತಾರೆ. ತುದಿ ಸಡಿಲವಿದ್ದರೆ ತಗ್ಗಿನ ಸ್ವರಗಳು ಸಂದಿಯಿಂದ ಸೋರಿಹೋಗುತ್ತವೆ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರ್‌ನಲ್ಲಿ ಹಬೆ ನಿಲ್ಲದ ಹಾಗೆ. ‘ಇದರಲ್ಲಿ ಬೇಸ್ ಇಲ್ಲ’ ಎಂದು ದೂರುವವರಲ್ಲಿ ಎಷ್ಟೋ ಜನರ ಇಯರ್‌ಫೋನಿನಲ್ಲಿ ಬೇಸ್ ಇರುತ್ತದೆ, ಕಿವಿ ತಲುಪುತ್ತಿರುವುದಿಲ್ಲ ಅಷ್ಟೆ.

ಪರೀಕ್ಷೆ ಸುಲಭ. ಹಾಡು ಹಾಕಿ, ಬೆರಳಿನಿಂದ ಬಡ್ ಅನ್ನು ಕಿವಿಯೊಳಕ್ಕೆ ಮೆಲ್ಲಗೆ ಒತ್ತಿ. ಒತ್ತಿದಾಗ ತಬಲಾದ ಎಡಗೈಯ ಗುಂಕಾರ ಒಮ್ಮೆಲೇ ತುಂಬಿಕೊಂಡರೆ, ಬಿಟ್ಟಾಗ ತೆಳುವಾದರೆ, ತುದಿ ಚಿಕ್ಕದಾಗಿದೆ. ಒಂದು ಅಳತೆ ಮೇಲಿನದನ್ನು ಹಾಕಿ. ಹಾಕಿದ ಕೆಲವೇ ನಿಮಿಷಗಳಲ್ಲಿ ಕಿವಿ ನೋಯತೊಡಗಿದರೆ ಅದು ದೊಡ್ಡದಾಯಿತು. ಎರಡು ಕಿವಿಗಳ ರಂಧ್ರ ಒಂದೇ ಅಳತೆಯಲ್ಲಿ ಇರಬೇಕೆಂದಿಲ್ಲ. ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು ಬೇಕಾದರೆ ಹಾಗೆಯೇ ಹಾಕಿಕೊಳ್ಳಿ. ತುದಿಯೇ ಇಲ್ಲದೆ ಕಿವಿಯ ಬಾಯಲ್ಲಿ ನೇತಾಡುವ ಬಡ್‌ಗಳೂ ಇವೆ. ಅವುಗಳಲ್ಲಿ ಬೇಸ್ ಕಡಿಮೆ, ಹೊರಗಿನ ಸದ್ದು ಹೆಚ್ಚು. ಹಾಸ್ಟೆಲ್ ಕೋಣೆಗೆ ಅವು ಬೇಡ. ಮನೆಯಲ್ಲಿ ಯಾರಾದರೂ ಕರೆದರೆ ಓಗೊಡಬೇಕಾದವರಿಗೆ ಒಳ್ಳೆಯವು.

ತಲೆಯ ಮೇಲೆ ಕೂರುವ ಹೆಡ್‌ಫೋನ್ ಬಗ್ಗೆ ನಮ್ಮ ಊರಿನವರು ಎರಡು ಬಾರಿ ಯೋಚಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ರೆಕ್ಸಿನ್ ಮೆತ್ತೆ ಕಿವಿಯನ್ನು ಮುಚ್ಚಿಕೊಂಡರೆ ಅರ್ಧ ಗಂಟೆಯೊಳಗೆ ಬೆವರು ಇಳಿಯುತ್ತದೆ. ಆ ಬೆವರೇ ಮುಂದೆ ಮೆತ್ತೆಯ ಸಿಪ್ಪೆ ಏಳಲು ಕಾರಣ. ಹೆಡ್‌ಫೋನೇ ಬೇಕೆಂದರೆ ಬಟ್ಟೆಯ ಮೆತ್ತೆ ಇರುವುದನ್ನು, ಮೆತ್ತೆ ಕಳಚಿ ಬದಲಿಸಬಹುದಾದದ್ದನ್ನು ಹುಡುಕಿ. ಗೇಮಿಂಗ್ ಹೆಡ್‌ಸೆಟ್‌ನ ದೊಡ್ಡ ಅನುಕೂಲ ಬಾಯಿಯ ಬಳಿಗೆ ಬರುವ ಮೈಕ್. ಮಿನುಗುವ ದೀಪಕ್ಕೆ ಕೊಟ್ಟ ಹಣ ಸದ್ದಿಗೆ ಬರುವುದಿಲ್ಲ. ‘7.1 ಸರೌಂಡ್’ ಎನ್ನುವುದೂ ಈ ಬೆಲೆಯಲ್ಲಿ ತಂತ್ರಾಂಶದ ಕೈಚಳಕ. ಎದುರಾಳಿ ಯಾವ ಕಡೆ ಇದ್ದಾನೆ ಎಂದು ತಿಳಿಯಲು ಒಳ್ಳೆಯ ಸ್ಟೀರಿಯೊ ಸಾಕು.

ಅಂಗಡಿಯಲ್ಲಿ ಕೇಳಿ ನೋಡುವುದು

ಅಂಗಡಿಗೆ ಹೋಗುವ ಮೊದಲು ನಿಮಗೆ ಬಾಯಿಪಾಠವಾಗಿರುವ ಎರಡು ಮೂರು ಹಾಡುಗಳನ್ನು ಫೋನಿಗೆ ಇಳಿಸಿಕೊಂಡು ಹೋಗಿ. ಅಂಗಡಿಯವರು ಹಾಕುವ ಹಾಡು ಬೇಸ್ ಎದ್ದು ಕೇಳುವಂತೆ ಆರಿಸಿದ್ದು, ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ನನ್ನ ಸಲಹೆ ಏನೆಂದರೆ, ಅವುಗಳಲ್ಲಿ ಒಂದು ನಮ್ಮ ಕಡೆಯ ತತ್ವಪದವಿರಲಿ. ಏಕತಾರಿ, ದಮ್ಮಡಿ, ತಾಳ, ಅವುಗಳ ಮೇಲೆ ಒಬ್ಬ ಹಾಡುಗಾರನ ದನಿ. ಇಯರ್‌ಫೋನಿನ ಬಂಡವಾಳವನ್ನು ಇಷ್ಟು ಬೇಗ ಬಯಲು ಮಾಡುವ ಸಂಗೀತ ಕಡಿಮೆ. ಹಾಡುಗಾರ ಎತ್ತರದ ಸ್ವರ ಹಿಡಿದಾಗ ಹಿಂದಿನ ಏಕತಾರಿಯ ತಂತಿ ಬಿಡಿಯಾಗಿ ಕೇಳುತ್ತಲೇ ಇದೆಯೇ? ದಮ್ಮಡಿಯ ಪೆಟ್ಟು ಬಿದ್ದು ತಕ್ಷಣ ನಿಲ್ಲುತ್ತದೆಯೇ, ಅಥವಾ ಗುಂಯ್ ಎಂದು ಹರಡಿ ಮುಂದಿನ ಪದವನ್ನು ನುಂಗುತ್ತದೆಯೇ? ತಾಳದ ನಾದ ಇಂಪಾಗಿದೆಯೇ, ಕಿವಿಗೆ ಚುಚ್ಚುತ್ತದೆಯೇ? ಕವಾಲಿ ಕೇಳುವವರಾದರೆ ಚಪ್ಪಾಳೆ ಮತ್ತು ಹಿಮ್ಮೇಳದ ದನಿಗಳು ಬೇರೆ ಬೇರೆಯಾಗಿ ಕೇಳುತ್ತವೆಯೇ ಎಂದು ಗಮನಿಸಿ.

ಈ ಪರೀಕ್ಷೆಯಲ್ಲಿ ಗೆದ್ದದ್ದು ಆಟದಲ್ಲೂ ಗೆಲ್ಲುತ್ತದೆ. ಬೇಸ್ ಉಬ್ಬಿಸಿದ ಇಯರ್‌ಫೋನಿನಲ್ಲಿ ಏಕತಾರಿ ಮುಳುಗುವಂತೆಯೇ ಗುಂಡು, ಬಾಂಬಿನ ಸದ್ದಿನಡಿ ಹೆಜ್ಜೆ ಸದ್ದೂ ಮುಳುಗುತ್ತದೆ. ಈಗಾಗಲೇ ಅಂಥದ್ದನ್ನು ಕೊಂಡಿದ್ದರೆ ಫೋನಿನ ಈಕ್ವಲೈಸರ್‌ನಲ್ಲಿ ಬೇಸ್‌ಗೆ ಸೇರಿದ ಎಡತುದಿಯ ಪಟ್ಟಿಗಳನ್ನು ಸ್ವಲ್ಪ ಇಳಿಸಿ ನೋಡಿ. ಹೊಸದು ಕೊಳ್ಳುವ ಖರ್ಚೇ ಉಳಿಯಬಹುದು.

ಸ್ಪಷ್ಟ ಸದ್ದು ಬೇಕೆನ್ನುವವರು ಐಇಎಂ (ಇನ್-ಇಯರ್ ಮಾನಿಟರ್) ಎಂಬ ಬಗೆಯ, ಕಿವಿಯೊಳಗೆ ಕೂರುವ ಇಯರ್‌ಫೋನುಗಳನ್ನು ನೋಡಬೇಕು. ಕೆಝಡ್, ಮೂನ್‌ಡ್ರಾಪ್ ಮುಂತಾದ ಚೀನಾ ಕಂಪನಿಗಳ ಕಡಿಮೆ ಬೆಲೆಯ ಮಾದರಿಗಳು ಒಂದರಿಂದ ಎರಡು ಸಾವಿರದ ಸುತ್ತ ಸಿಗುತ್ತವೆ. ತಂತಿಯನ್ನು ಕಿವಿಯ ಮೇಲಿಂದ ಸುತ್ತಿ ಹಾಕಿಕೊಳ್ಳಬೇಕು, ಮೊದಲ ಒಂದೆರಡು ದಿನ ವಿಚಿತ್ರವೆನಿಸುತ್ತದೆ. ಆದರೆ ಇವುಗಳಲ್ಲಿ ಹಲವಕ್ಕೆ ಕಳಚುವ ತಂತಿ ಇದೆ. ಇಯರ್‌ಫೋನ್ ಸಾಯುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲಿ ತಂತಿ ತುಂಡಾಗಿ. ಇಲ್ಲಿ ತಂತಿ ಮಾತ್ರ ಬದಲಿಸಿದರೆ ಆಯಿತು. ಮೈಕ್ ಇರುವುದು, ಇಲ್ಲದ್ದು ಎಂದು ಎರಡು ಬಗೆ ಇರುತ್ತವೆ, ಆರ್ಡರ್ ಮಾಡುವಾಗ ಮೈಕ್ ಇರುವುದನ್ನೇ ಒತ್ತಿ.

ನಿಸ್ತಂತುವೇ ಬೇಕೆನ್ನುವವರಿಗೆ

ಬಸ್ಸಿನಲ್ಲಿ ಓಡಾಡುವವರಿಗೆ, ಬೆಳಗಿನ ನಡಿಗೆಯವರಿಗೆ ತಂತಿ ಕಿರಿಕಿರಿಯೇ. ಕೊಳ್ಳಿ, ಆದರೆ ಡಬ್ಬಿಯನ್ನು ಹೀಗೆ ಓದಿ. ‘60 ಗಂಟೆ’ ಎಂದರೆ ಡಬ್ಬಿಯ ಬ್ಯಾಟರಿಯೂ ಸೇರಿ. ಒಂದು ಚಾರ್ಜಿಗೆ ಬಡ್ ಎಷ್ಟು ಗಂಟೆ ನಡೆಯುತ್ತದೆ ಎಂಬುದನ್ನು ಹುಡುಕಿ. ಡ್ರೈವರ್ ದೊಡ್ಡದಿದ್ದ ಮಾತ್ರಕ್ಕೆ ಸದ್ದು ಒಳ್ಳೆಯದಾಗುವುದಿಲ್ಲ. ಬ್ಲೂಟೂತ್ ಆವೃತ್ತಿಯ ಅಂಕಿಗೂ ಹಾಡಿನ ಗುಣಮಟ್ಟಕ್ಕೂ ನೇರ ನಂಟಿಲ್ಲ. ಐಫೋನ್ ಇರುವವರು ಎಲ್‌ಡ್ಯಾಕ್ ಎಂಬ ಕೋಡೆಕ್‌ನ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ, ಐಫೋನ್ ಅದನ್ನು ಬಳಸುವುದಿಲ್ಲ. ಅದಕ್ಕೆ ಎಎಸಿ ಕೋಡೆಕ್ ಸಾಕು.

ಇಎನ್‌ಸಿ ಮತ್ತು ಎಎನ್‌ಸಿ ಒಂದೇ ಅಲ್ಲ. ಇಎನ್‌ಸಿ ನಿಮ್ಮ ಮೈಕ್‌ಗೆ ಸೇರಿದ್ದು: ನೀವು ಮಾತಾಡುವಾಗ ಸುತ್ತಲಿನ ಗದ್ದಲ ಆ ಕಡೆಯವರಿಗೆ ಕಡಿಮೆ ಕೇಳುವಂತೆ ಮಾಡುತ್ತದೆ. ನಿಮ್ಮ ಕಿವಿಗೆ ಬೀಳುವ ಗದ್ದಲ ತಗ್ಗಿಸುವುದು ಎಎನ್‌ಸಿ. ಅದೂ ಬಸ್ ಎಂಜಿನ್, ಏರ್ ಕೂಲರ್‌ಗಳಂಥ ಒಂದೇ ಸಮನೆ ಮೊರೆಯುವ ಸದ್ದನ್ನು ಚೆನ್ನಾಗಿ ತಗ್ಗಿಸುತ್ತದೆ, ಪಕ್ಕದ ಮಂಚದವನ ಮಾತನ್ನು ಅಷ್ಟಾಗಿ ಅಲ್ಲ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಓಡಾಡುವವರಿಗೆ ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಕೋಣೆಯಲ್ಲೇ ಕುಳಿತು ಕೇಳುವವರಿಗೆ ಬಿಗಿಯಾಗಿ ಕೂತ ರಬ್ಬರ್ ತುದಿಯೇ ಸಾಕಷ್ಟು ಗದ್ದಲ ತಡೆಯುತ್ತದೆ.

ಡಬ್ಬಿಯ ಮೇಲಿನ ಐಪಿ ಸಂಖ್ಯೆ ಧೂಳು, ನೀರು ತಡೆಯುವ ದರ್ಜೆ. ಧೂಳಿನ ನಮ್ಮ ಊರಿಗೆ ಐಪಿಎಕ್ಸ್4ಗಿಂತ ಐಪಿ54 ಮೇಲು. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಎಕ್ಸ್ ಇದ್ದಲ್ಲಿ ಧೂಳಿನ ದರ್ಜೆ ನಮೂದಾಗಿಲ್ಲ ಎಂದರ್ಥ. ಇನ್ನು ಬಿಸಿಲು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡುವುದು ಸಲ್ಲದು. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್‌ಗಳ ಒಳಗೆ ಮಧ್ಯಾಹ್ನದ ಬಿಸಿ ಅದನ್ನೂ ಮೀರುತ್ತದೆ. ಈ ಬೆಲೆಯ ಬಡ್‌ಗಳ ಬ್ಯಾಟರಿಯನ್ನು ಬದಲಿಸಿಕೊಡುವವರು ಸಿಗುವುದು ಕಷ್ಟ, ಅದು ಬಳಲಿದರೆ ಬಡ್ ಆಯುಷ್ಯವೂ ಮುಗಿದಂತೆ.

ಕಿವಿ ಒಂದೇ ಜೋಡಿ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. 83 ಡೆಸಿಬಲ್‌ಗೆ ಏರಿದರೆ ಅವಧಿ 20 ಗಂಟೆಗೆ ಇಳಿಯುತ್ತದೆ, 90ಕ್ಕೆ ಏರಿದರೆ ಬರೀ 4 ಗಂಟೆ. ಮಕ್ಕಳಿಗೆ ಮಿತಿ 75 ಡೆಸಿಬಲ್. ಸುತ್ತ ಗದ್ದಲವಿದ್ದಾಗ ನಾವು ಅರಿವಿಲ್ಲದೆ ವಾಲ್ಯೂಮ್ ಏರಿಸುತ್ತೇವೆ, ಹೀಗಾಗಿ ಬಿಗಿಯಾದ ರಬ್ಬರ್ ತುದಿ ಕಿವಿಯನ್ನೂ ಕಾಯುತ್ತದೆ. ಆಟ ಮುಗಿಸಿ ಎದ್ದಾಗ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಉಳಿದಿದ್ದರೆ ಅದನ್ನು ಎಚ್ಚರಿಕೆಯೆಂದೇ ತಿಳಿಯಿರಿ. ತಂದೆ ತಾಯಂದಿರು ಮಕ್ಕಳ ಫೋನಿನಲ್ಲಿ ವಾಲ್ಯೂಮ್ ಮಿತಿ ಹಾಕಿಡುವುದನ್ನು ದಯವಿಟ್ಟು ಮುಂದೂಡಬೇಡಿ.

ಹಣ ಕೊಡುವ ಮುನ್ನ, ತಂದ ಮೇಲೆ

ಹೆಸರಾಂತ ಕಂಪನಿಗಳ ನಕಲು ಮಾಲು ಮಾರುಕಟ್ಟೆಯಲ್ಲಿ ಸಾಕಷ್ಟಿದೆ. ಡಬ್ಬಿಯ ಮೇಲೆ ಎಂಆರ್‌ಪಿ, ತಯಾರಕರ ಅಥವಾ ಆಮದುದಾರರ ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗ್ರಾಹಕ ಸೇವೆಯ ಸಂಖ್ಯೆ ಇರಲೇಬೇಕು. ನಿಸ್ತಂತು ಇಯರ್‌ಫೋನಿನ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇರುತ್ತದೆ; ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಯದೆಂದು ತೋರಿಸುತ್ತದೆ. ಜಿಎಸ್‌ಟಿ ಬಿಲ್ ಇಲ್ಲದೆ ಐವತ್ತು ರೂಪಾಯಿ ಕಡಿಮೆ ಮಾಡುತ್ತೇನೆ ಎಂದರೆ ಒಪ್ಪಬೇಡಿ, ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆ ಕಂಪನಿಯ ಸರ್ವಿಸ್ ಸೆಂಟರ್ ಕಲಬುರಗಿಯಲ್ಲೇ ಇದೆಯೇ, ಕೊರಿಯರ್ ಮಾಡಬೇಕೇ ಎಂದೂ ಕೇಳಿ. ಬೀದರ್, ಯಾದಗಿರಿಯವರಿಗೆ ಈ ಪ್ರಶ್ನೆ ಇನ್ನೂ ಮುಖ್ಯ. ಕಂಪನಿ ವಾರಂಟಿ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.

ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿ ಬಿಚ್ಚುವುದನ್ನು ವಿಡಿಯೊ ಮಾಡಿಕೊಳ್ಳಿ. ಕಿವಿಗೆ ಹಾಕುವ ವಸ್ತುವಾದ್ದರಿಂದ ಹಲವೆಡೆ ಹಣ ವಾಪಸ್ ಇರುವುದಿಲ್ಲ, ಬದಲಿ ಕೊಡುವ ಅವಕಾಶ ಮಾತ್ರ, ಅದೂ ಕೆಲವೇ ದಿನ. ಮೊದಲ ದಿನವೇ ಎಡ ಬಲ ಎರಡೂ ಒಂದೇ ಗಟ್ಟಿಯಾಗಿ ಕೇಳುತ್ತವೆಯೇ, ಮೈಕ್‌ನಲ್ಲಿ ದನಿ ಸ್ಪಷ್ಟವಿದೆಯೇ, ಬಡ್ ಎರಡೂ ಚಾರ್ಜ್ ಆಗುತ್ತವೆಯೇ ಎಂದು ನೋಡಿ. ತಿಂಗಳುಗಳಾದ ಮೇಲೆ ಒಂದು ಬದಿಯ ಸದ್ದು ಕುಗ್ಗಿದರೆ ಮೊದಲು ಜಾಲರಿ ನೋಡಿ. ಹೆಚ್ಚಿನ ಸಲ ಕಿವಿಯ ಮೇಣ, ಧೂಳು ಕಟ್ಟಿಕೊಂಡಿರುತ್ತದೆ. ರಬ್ಬರ್ ತುದಿ ತೆಗೆದು, ಜಾಲರಿಯನ್ನು ಕೆಳಮುಖವಾಗಿ ಹಿಡಿದು, ಒಣಗಿದ ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಪಿನ್ ಅಥವಾ ಸೂಜಿ ಹಾಕಬೇಡಿ, ಜಾಲರಿ ಹರಿದರೆ ಅದರ ಹಿಂದೆಯೇ ಡ್ರೈವರ್‌ನ ತೆಳು ಪೊರೆ ಇದೆ.