ಭಿನ್ನರಾಶಿ ಅಭ್ಯಾಸಕ್ಕೆ 24 ಸೆಂಟಿಮೀಟರ್ ಪಟ್ಟಿ: ನನ್ನ ಅನುಭವ

ಐದನೇ ತರಗತಿಯ ಭಿನ್ನರಾಶಿ ಪಾಠದ ಜೊತೆ ನಾನು ಕೆಲವು ವರ್ಷ ಚೆನ್ನಾಗಿ ಏಗಿದ್ದೇನೆ. ಈಗ ಒಂದು ದಾರಿ ಕೈಗೆ ಹತ್ತಿದೆ: ಮಕ್ಕಳೇ ಕಾಗದದ ಪಟ್ಟಿ ಕತ್ತರಿಸಿ, ಸಮ ಭಾಗ ಮಾಡಿ, ನೆಲದ ಗೆರೆಯ ಮೇಲೆ ಇಟ್ಟು ನೋಡುವುದು. ಹೋದ ವರ್ಷದ ಮಕ್ಕಳಿಗೂ ಅದೇ ಮಾಡಿಸಿದೆ, ಈ ವರ್ಷದ ಮಕ್ಕಳಿಗೂ ಅದೇ. ಎರಡೂ ಸಲ ಫಲ ಸಿಕ್ಕಿತು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಅಂಶ ಅಂದರೇನು, ಛೇದ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಓದುವವರು ನಾಲ್ಕು, ಐದಕ್ಕೆ ಗಣಿತ ತಗೊಳ್ಳೋ ಮೇಷ್ಟ್ರು, ಮೇಡಂಗಳೇ ಅಲ್ವಾ.

ನಮ್ಮದು ತಿಪಟೂರು ಸೀಮೆಯ ಸರ್ಕಾರಿ ಶಾಲೆ. ನಾಲ್ಕು, ಐದು ಸೇರಿ ಮೂವತ್ತರ ಆಸುಪಾಸು ಮಕ್ಕಳು. ಕೊರೊನಾ ವರ್ಷಗಳಲ್ಲಿ ಶಾಲೆ ಮುಚ್ಚಿದ್ದಾಗ ಕೆಳಗಿನ ತರಗತಿಯಲ್ಲಿದ್ದ ಮಕ್ಕಳು ಐದಕ್ಕೆ ಬಂದಾಗ ನನಗೆ ತಲೆಬಿಸಿ ಶುರುವಾಯಿತು. ಕಾಲು ದೊಡ್ಡದೋ ಎಂಟನೇ ಒಂದು ದೊಡ್ಡದೋ ಅಂತ ಕೇಳಿದರೆ ತರಗತಿಯ ಮುಕ್ಕಾಲು ಪಾಲು ಮಕ್ಕಳು ಎಂಟನೇ ಒಂದು ಅನ್ನುತ್ತಿದ್ದರು. "ಎಂಟು ದೊಡ್ಡದಲ್ವಾ ಸಾ" ಅನ್ನುವುದು ಅವರ ನ್ಯಾಯ. ಕೂಡುವ ಲೆಕ್ಕ ಕೊಟ್ಟರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ, ಅರ್ಧಕ್ಕೆ ಮೂರನೇ ಒಂದು ಕೂಡಿದರೆ ಐದನೇ ಎರಡು ಅಂತ ಬರೆದು ಸ್ಲೇಟು ತೋರಿಸುತ್ತಿದ್ದರು. ಇದು ನಿಮ್ಮ ತರಗತಿಯಲ್ಲೂ ಇದೆ ಅಂತ ನನಗೆ ಗೊತ್ತು.

ಮೊದಲು ಎಲ್ಲರಂತೆ ರೊಟ್ಟಿ ಚಿತ್ರದಿಂದಲೇ ಹೊರಟೆ. ದುಂಡಗೆ ಬರೆದು ಅರ್ಧ, ಕಾಲು ಮಾಡಿಸುವವರೆಗೆ ಎಲ್ಲ ಸಲೀಸು. ಮೂರು ಭಾಗ ಮಾಡಿ ಅಂದ ಕೂಡಲೇ ನಿಂತುಹೋಯಿತು. ವೃತ್ತಕ್ಕೆ ಎರಡು ಉದ್ದ ಗೆರೆ ಎಳೆದು, ನಡುವೆ ದಪ್ಪ ಪಟ್ಟಿ, ಎರಡು ಕಡೆ ಸಣ್ಣ ಚೂರು ಬಿಟ್ಟು "ಮೂರಾಯ್ತು ಸಾ" ಅಂದರು. ಐದು ಭಾಗವಂತೂ ಬೇಡವೇ ಬೇಡ. ದುಂಡನೆಯದನ್ನು ಮೂರು, ಐದು ಸಮ ಪಾಲು ಮಾಡುವುದು ಹತ್ತು ವರ್ಷದ ಕೈಗೆ ಆಗುವ ಕೆಲಸವಲ್ಲ. ಆದರೂ ನಮ್ಮ ಚಾರ್ಟುಗಳಲ್ಲೆಲ್ಲ ಅದೇ ಇರುತ್ತದೆ. ನಾನೂ ಒಂದು ದೊಡ್ಡ ಫ್ಲೆಕ್ಸ್ ಮಾಡಿಸಿದ್ದೆ, ಏಳುನೂರೋ ಎಂಟುನೂರೋ ಆಯಿತು. ಗೋಡೆ ಚೆಂದ ಕಂಡಿತು, ಅಷ್ಟೇ.

ನಮ್ಮೂರಲ್ಲಿ ತೆಂಗಿಗೆ ಬರವಿಲ್ಲ ಅಂತ ಕಾಯಿಯಲ್ಲೂ ನೋಡಿದೆ. ಕಾಯಿ ಒಡೆದರೆ ಎರಡು ಹೋಳು. ಕಣ್ಣಿರುವ ಹೋಳು ಒಂದು ಅಳತೆ, ಇನ್ನೊಂದು ಬೇರೆ ಅಳತೆ. ಮಕ್ಕಳು ಮನೆಯಲ್ಲಿ "ದೊಡ್ಡ ಅರ್ಧ ನಂಗೆ, ಚಿಕ್ಕ ಅರ್ಧ ನಿಂಗೆ" ಅಂತಲೇ ಮಾತಾಡುವವರು. ಸಮ ಭಾಗ ಅನ್ನುವುದನ್ನು ಬಿಡಿಸಿ ಹೇಳಬೇಕಾದ ಕಡೆ ಅದನ್ನೇ ಕೆಡಿಸುವ ವಸ್ತು ಇದು. ತರಗತಿಗೆ ಕಾಯಿ ತರುವುದನ್ನು ಬಿಟ್ಟೆ.

ಆಮೇಲೆ ಆನ್‌ಲೈನಲ್ಲಿ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳ ಸೆಟ್ ತರಿಸಿದೆ. ಸಾವಿರದ ಹತ್ತಿರ ಖರ್ಚು, ನನ್ನ ಕೈಯಿಂದಲೇ. ಒಂದು ತಿಂಗಳಿಗೆ ಆರನೇ ಒಂದರ ತುಂಡುಗಳು ಅರ್ಧಕ್ಕರ್ಧ ಕಾಣೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಮಕ್ಕಳು ಬಣ್ಣ ನೆನಪಿಟ್ಟುಕೊಂಡರು. ಹಳದಿ ಅಂದರೆ ಕಾಲು, ಕೆಂಪು ಅಂದರೆ ಅರ್ಧ. ಬಣ್ಣವಿಲ್ಲದ ತುಂಡು ಕೊಟ್ಟರೆ ಉತ್ತರ ಇಲ್ಲ. ಯಾರೋ ತುಂಡು ಮಾಡಿ ಕೊಟ್ಟಿದ್ದನ್ನು ಜೋಡಿಸಿದರೆ, ಒಂದನ್ನು ಎಷ್ಟು ಸಮ ಪಾಲು ಮಾಡಿದ್ದು ಅನ್ನುವುದು ಮಗುವಿನ ಕೈಗೆ ಬರುವುದೇ ಇಲ್ಲ. ಶಾಲೆಗಳಿಗೆ ಬಂದಿರುವ ಗಣಿತ ಕಿಟ್ಟಿನ ಪಟ್ಟಿಗಳನ್ನು ನಾನು ಈಗಲೂ ಬಳಸುತ್ತೇನೆ. ಆದರೆ ಮಕ್ಕಳು ತಾವೇ ಪಟ್ಟಿ ಮಾಡಿ ಮುಗಿಸಿದ ಮೇಲೆ, ತಾಳೆ ನೋಡುವುದಕ್ಕೆ.

ಜೆರಾಕ್ಸ್ ಹಾಳೆಗಳ ವಿಷಯವೂ ಹೇಳಬೇಕು. ಒಂದೇ ಬಗೆಯ ಹತ್ತು ಲೆಕ್ಕ ಒಂದು ಹಾಳೆಯಲ್ಲಿ ಕೊಟ್ಟರೆ ಎರಡನೇ ಲೆಕ್ಕದಿಂದ ಆಚೆಗೆ ಮಗು ಯೋಚಿಸುವುದೇ ಇಲ್ಲ. ಮೇಲಿನದನ್ನು ನೋಡಿ ಕೆಳಗಿನದು ಮಾಡಿಬಿಡುತ್ತದೆ. ಹತ್ತಕ್ಕೆ ಹತ್ತು ಸರಿ. ಮುಂದಿನ ವಾರ ಅದೇ ಲೆಕ್ಕ ಬೋರ್ಡಿನ ಮೇಲೆ ಒಂದೇ ಒಂದು ಹಾಕಿದರೆ ಕೈ ಎತ್ತುವವರಿಲ್ಲ.

ಈಗ ಪಟ್ಟಿಯ ವಿಷಯ. ಅಂಗಡಿಯವರು ಬಿಲ್ ಹಾಕುವ ಕಾಗದದ ಸುರುಳಿ ಇದೆಯಲ್ಲ, ಸುಮಾರು ಎರಡು ಇಂಚು ಅಗಲದ್ದು, ಅದನ್ನು ತಂದೆ. ಮೊದಲು ತಂದಿದ್ದು ಬಿಲ್ ಮಷಿನ್ನಿನ ಥರ್ಮಲ್ ಸುರುಳಿ. ಅದರಲ್ಲಿ ಒಂದು ಸೊಗಸಿತ್ತು. ಮಡಿಸಿ ಉಗುರಿನಿಂದ ಜೋರಾಗಿ ಗೀರಿದರೆ ಬಿಸಿಗೆ ಆ ಜಾಗ ಕಪ್ಪಾಗಿ ಗೆರೆ ತಾನಾಗಿ ಮೂಡುತ್ತದೆ. ಪೆನ್ಸಿಲ್ಲೇ ಬೇಡ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಆದರೆ ಕಿಟಕಿ ಪಕ್ಕದ ಬಿಸಿಲಿಗೆ ಪಟ್ಟಿಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದವು. ಅದರ ಮೇಲಿನ ಲೇಪವನ್ನು ಮಕ್ಕಳು ದಿನಾ ಮುಟ್ಟುವುದೂ ಒಳ್ಳೆಯದಲ್ಲ ಅಂತ ತಿಳಿಯಿತು. ಅಲ್ಲಿಗೆ ಅದನ್ನು ಬಿಟ್ಟು ಸಾದಾ ಕಾಗದದ ಸುರುಳಿಗೆ ಬಂದೆ. ಒಂದಕ್ಕೆ ಇಪ್ಪತ್ತೈದು ಮೂವತ್ತು ರೂಪಾಯಿ. ಉದ್ದಕ್ಕೆ ಅರ್ಧ ಸೀಳಿಕೊಂಡರೆ ಒಂದು ಸುರುಳಿಯಲ್ಲಿ ನೂರರ ಮೇಲೆ ಪಟ್ಟಿ ಬರುತ್ತವೆ. ಹರಿದಿದ್ದು, ಕಳೆದಿದ್ದು ಎಲ್ಲ ಸೇರಿ ಇಡೀ ವರ್ಷಕ್ಕೆ ಮುನ್ನೂರು ರೂಪಾಯಿ ದಾಟಿಲ್ಲ.

ಪ್ರತಿ ಪಟ್ಟಿ 24 ಸೆಂಟಿಮೀಟರ್. ಈ ಅಳತೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಅರ್ಧ 12, ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3, ಹನ್ನೆರಡನೇ ಒಂದು 2. ಎಲ್ಲೂ ಮಿಲಿಮೀಟರ್ ತಕರಾರಿಲ್ಲ. ಆದರೆ ಮಕ್ಕಳಿಗೆ ಇದನ್ನು ಹೇಳಬೇಡಿ, ಸ್ಕೇಲನ್ನೂ ಕೊಡಬೇಡಿ. ಕೊಟ್ಟರೆ ಅವರು ಭಾಗ ಬಿಟ್ಟು ಸೆಂಟಿಮೀಟರಿಗೆ ಬೀಳುತ್ತಾರೆ. ನಾನು ಒಂದು ಗಟ್ಟಿ ರಟ್ಟಿನ ಅಚ್ಚು ಮಾಡಿಟ್ಟಿದ್ದೇನೆ. ಅದಕ್ಕೆ ಹಿಡಿದು ಕತ್ತರಿಸುತ್ತಾರೆ. ಅವರ ಲೆಕ್ಕಕ್ಕೆ ಅದು "ಒಂದು", ಅಷ್ಟೇ.

ಅರ್ಧ, ಕಾಲು, ಎಂಟನೇ ಒಂದು ಮಡಿಸಿದರೆ ಬಂತು. ಮೂರು, ಐದು ಸಮವಾಗಿ ಮಡಿಸುವುದು ಮಕ್ಕಳಿಗೆ ಸುಲಭವಲ್ಲ. ಅದಕ್ಕೆ ಗೆರೆಯ ಲಾಂಗ್ ಬುಕ್ ಇದೆ. ಪಟ್ಟಿಯ ಒಂದು ಮೂಲೆಯನ್ನು ಮೇಲಿನ ಒಂದು ಗೆರೆಗೆ ಇಡಿ. ಪಟ್ಟಿಯನ್ನು ಓರೆ ಮಾಡಿ, ಅದೇ ಅಂಚಿನ ಇನ್ನೊಂದು ಮೂಲೆ ಅಲ್ಲಿಂದ 24ನೇ ಗೆರೆ ಮುಟ್ಟುವ ಹಾಗೆ ಹಿಡಿಯಿರಿ. ಎಂಟನೇ ಗೆರೆಗೆ ಒಂದು ಗುರುತು, ಹದಿನಾರನೇ ಗೆರೆಗೆ ಒಂದು ಗುರುತು. ಪಕ್ಕಾ ಮೂರು ಭಾಗ. ಐದು ಬೇಕಾದರೆ 25ನೇ ಗೆರೆಗೆ ಹಿಡಿದು ಐದೈದು ಗೆರೆಗೆ ಗುರುತು. ಗೆರೆಗಳ ನಡುವಿನ ಅಂತರ ಒಂದೇ ಇರುವುದರಿಂದ ಪಟ್ಟಿ ಎಷ್ಟು ಓರೆಯಾದರೂ ತುಂಡುಗಳು ಸಮವಾಗಿಯೇ ಬೀಳುತ್ತವೆ. ಸುತ್ತಮುತ್ತಲ ಶಾಲೆಗಳು ಸೇರುವ ನಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಇದನ್ನು ಮಾಡಿ ತೋರಿಸಿದಾಗ ಇಪ್ಪತ್ತು ವರ್ಷ ಸರ್ವೀಸಾದವರೂ ಎದ್ದು ಬಂದು ತಾವೇ ಹಿಡಿದು ನೋಡಿದರು.

ಪಟ್ಟಿ ಮಾಡಿದ್ದರಿಂದಲೇ ಎಲ್ಲ ಬರಲಿಲ್ಲ. ಬಂದಿದ್ದು ಗೆರೆಯಿಂದ. ನಾಲ್ಕು ನಾಲ್ಕು ಮಕ್ಕಳ ಗುಂಪು, ಗುಂಪಿಗೊಂದು ನೆಲದ ಮೇಲೆ ಚಾಕ್‌ಪೀಸಿನ ಗೆರೆ. ಸೊನ್ನೆಯಿಂದ ನಾಲ್ಕರವರೆಗೆ, ಒಂದೊಂದು ಮನೆಯೂ ಒಂದು ಪಟ್ಟಿಯ ಉದ್ದ. ಭಿನ್ನರಾಶಿ ಬರೆದ ಚೀಟಿ ಎತ್ತಿದರೆ ಮೊದಲು ಬೆರಳಿಟ್ಟು ಅಂದಾಜು ತೋರಿಸಬೇಕು. ಆಮೇಲೆ ಪಟ್ಟಿ ಇಟ್ಟು ನೋಡಬೇಕು. ಕೊನೆಗೆ ಬರೆಯಬೇಕು. ಈ ಕ್ರಮ ಮಾತ್ರ ತಪ್ಪಬಾರದು. ದಿನಾ ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ, ಮೂರೇ ಪ್ರಶ್ನೆ. ಒಂದು ಯಾವುದು ದೊಡ್ಡದು ಅನ್ನುವುದು, ಒಂದು ಸಮಾನ ಭಿನ್ನರಾಶಿ, ಒಂದು ಕೂಡುವುದೋ ಕಳೆಯುವುದೋ. ಒಂದೇ ಬಗೆಯದು ಎರಡು ಬೇಡ. ವಾರಕ್ಕೊಮ್ಮೆ ಒಂದು ತಿಂಗಳ ಹಿಂದಿನ ಪ್ರಶ್ನೆಯೂ ಅದರಲ್ಲಿ ಇರಬೇಕು.

ಒಂದು ದಿನದ್ದು ಹೇಳುತ್ತೇನೆ. ಅದೇ ಹಳೆಯ ಲೆಕ್ಕ, ಅರ್ಧ ಕೂಡಿಸು ಮೂರನೇ ಒಂದು. ಯಾವಾಗಲೂ ಹಿಂದಿನ ಸಾಲಲ್ಲಿ ಕೂರುವ ಒಬ್ಬ ಹುಡುಗಿ ಪುಸ್ತಕದ ಮೂಲೆಯಲ್ಲಿ ಐದನೇ ಎರಡು ಅಂತ ಮೊದಲೇ ಬರೆದುಕೊಂಡಿದ್ದಳು. ಗೆರೆಯ ಮೇಲೆ ಸೊನ್ನೆಯಿಂದ ಅರ್ಧದ ತುಂಡು ಇಟ್ಟಳು, ಅದರ ಬಾಲಕ್ಕೆ ಮೂರನೇ ಒಂದರ ತುಂಡು. ಒಂದರ ಹತ್ತಿರ ಹೋಗಿ ನಿಂತಿತು. ಐದು ಭಾಗದ ಪಟ್ಟಿ ತಗೊಂಡು ಕೆಳಗೆ ಇಟ್ಟು, ಎರಡನೇ ಗುರುತಿಗೆ ಬೆರಳಿಟ್ಟಳು. ಅದು ಅರ್ಧಕ್ಕಿಂತ ಈಚೆಗೇ ಇತ್ತು. "ಸಾ, ಅರ್ಧ ಇತ್ತು, ಅದಕ್ಕೆ ಸೇರ್ಸಿದ್ರೂ ಅರ್ಧಕ್ಕಿಂತ ಕಮ್ಮಿ ಹೆಂಗ್ ಆಗ್ತದೆ?" ಅಂದಳು. "ನೀನೇ ಹೇಳಮ್ಮ" ಅಂದೆ. ಬರೆದಿದ್ದನ್ನು ಹೊಡೆದು ಹಾಕಿದಳು. ಆರು ಭಾಗದ ಪಟ್ಟಿ ಇಟ್ಟು ನೋಡಿದಳು, ಐದನೇ ಗುರುತಿಗೆ ಸರಿಯಾಗಿ ಕೂತಿತು. ಪಕ್ಕದವನು ಹನ್ನೆರಡರ ಪಟ್ಟಿ ಇಟ್ಟು "ನಂದೂ ಕೂತ್ತು, ಹತ್ತಕ್ಕೆ" ಅಂದ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಯಾಕೆ ಬೇಕು ಅನ್ನುವುದು ಆ ಬೆಳಿಗ್ಗೆ ಎಲ್ಲರಿಗೂ ತಿಳಿಯಿತು. ನಾನು ಬಾಯಿ ಬಿಡಬೇಕಾಗಲಿಲ್ಲ. ಆ ದಿನದಿಂದ ಈಚೆಗೆ ನನ್ನ ತರಗತಿಯಲ್ಲಿ ಐದನೇ ಎರಡು ಅನ್ನುವ ಉತ್ತರ ಅಪರೂಪ.

ಶುರುವಿನಲ್ಲಿ ನಂಬಿದವರು ಕಮ್ಮಿ. "ಪರೀಕ್ಷೇಲಿ ಪೇಪರ್ ಮಡಿಸೋಕೆ ಬಿಡ್ತಾರಾ ಮೇಷ್ಟ್ರೇ?" ಅಂತ ಸಹೋದ್ಯೋಗಿಗಳು ಕೇಳಿದರು. ಪಾಠ ಹಿಂದೆ ಬೀಳುತ್ತದೆ ಅನ್ನುವ ಮಾತೂ ಬಂತು. ಒಬ್ಬ ತಂದೆ ಶಾಲೆಗೇ ಬಂದು, ಹುಡುಗ ಮನೆಯಲ್ಲೂ ಕಾಗದ ಕತ್ತರಿಸುತ್ತಾ ಕೂರುತ್ತಾನೆ, ಮಗ್ಗಿ ಹೇಳಿಕೊಡಿ ಅಂದರು. ಪಾಠ ಹಿಂದೆ ಬಿದ್ದಿದ್ದು ನಿಜ, ಎರಡು ಮೂರು ವಾರ. ಆದರೆ ಕೂಡುವ, ಕಳೆಯುವ ಭಾಗ ಬಂದಾಗ ಅಷ್ಟೂ ವಾರ ವಾಪಸ್ ಸಿಕ್ಕಿತು. ಎರಡು ತಿಂಗಳಿಗೆ ಪಟ್ಟಿ ತಾನಾಗಿ ಬಿಟ್ಟುಹೋಯಿತು. ಮಕ್ಕಳು ಅಂಚಿನಲ್ಲಿ ಸಣ್ಣ ಗೆರೆ ಎಳೆದು ಗುರುತು ಹಾಕುತ್ತಿದ್ದರು, ಆಮೇಲೆ ಅದೂ ಬೇಡವಾಯಿತು. ಹಿಂದೆಲ್ಲ ಕಿರುಪರೀಕ್ಷೆಯಲ್ಲಿ ಭಿನ್ನರಾಶಿಗೆ ಏಳೆಂಟು ಮಕ್ಕಳು ಸರಿಯಾಗಿ ಬರೆದರೆ ಹೆಚ್ಚು. ಈಗ ಮೂವತ್ತರಲ್ಲಿ ಇಪ್ಪತ್ತೈದರ ಹತ್ತಿರ ಇದ್ದಾರೆ. ಆರನೇ ತರಗತಿಗೆ ಹೋದ ನಮ್ಮ ಮಕ್ಕಳಿಗೂ ಅಲ್ಲಿ ಒಳ್ಳೆ ಹೆಸರಿದೆ. ನನಗೆ ಅದರ ಹೆಮ್ಮೆ ಇದೆ.

ನಡುವೆ ಒಂದೆರಡು ಬೇರೆ ಪ್ರಯೋಗವೂ ಆಯಿತು. ಬಿಸಿಯೂಟಕ್ಕೆ ಐದನೇ ತರಗತಿವರೆಗೆ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ ಅಲ್ವಾ. ಅಕ್ಕಿ ಕಿಲೋದ ಹತ್ತನೇ ಒಂದು, ಬೇಳೆ ಐವತ್ತನೇ ಒಂದು. ಅಡುಗೆಯವರ ತಕ್ಕಡಿಯ ಹತ್ತಿರ ನಿಂತು ಇದನ್ನು ಮಾಡಿಸಿದೆ. ಅಕ್ಕಿಗೆ ಚೆನ್ನಾಗಿ ನಡೆಯಿತು, ಬೇಳೆಗೆ ನಡೆಯಲಿಲ್ಲ. ಐವತ್ತು ಭಾಗ ಅನ್ನುವುದು ಇನ್ನೂ ಅವರ ಕಣ್ಣಿಗೆ ನಿಲ್ಲುವುದಿಲ್ಲ.

ಅದಕ್ಕಿಂತ ಚೆನ್ನಾಗಿ ಹತ್ತಿದ್ದು ಗುಂಟೆ. 40 ಗುಂಟೆಗೆ ಒಂದು ಎಕರೆ. ಇದು ನಮ್ಮ ಮಕ್ಕಳ ಮನೆ ಮಾತು. ಪಟ್ಟಿಯನ್ನು ಎಕರೆ ಅಂತ ಇಟ್ಟುಕೊಂಡು, ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದೆ. ಒಬ್ಬ ಒಂದು ಎಕರೆ ಮೂವತ್ತು ಗುಂಟೆ ಅಂತ ತಂದ. ಗೆರೆಯ ಮೇಲೆ ಒಂದೂ ಮುಕ್ಕಾಲು. ಮಿಶ್ರ ಭಿನ್ನರಾಶಿಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ. ಇನ್ನೊಂದು ದಿನ ಮೂರು ಜನ ಅಣ್ಣತಮ್ಮಂದಿರಿಗೆ ಒಂದು ಎಕರೆ ಹಂಚಲು ಕೊಟ್ಟೆ. ಗುಂಟೆಗೆ 16 ಆಣೆ. ತಲಾ 13 ಗುಂಟೆ 5 ಆಣೆ ಕೊಟ್ಟರೂ ಒಂದು ಆಣೆ ಉಳಿಯಿತು. ಆ ಒಂದು ಆಣೆ ಯಾರಿಗೆ ಅಂತ ಅರ್ಧ ಗಂಟೆ ಜಗಳ. ಕೊನೆಗೆ ಐದನೇ ತರಗತಿಯ ಹುಡುಗಿಯೊಬ್ಬಳು "ಆಣೆನೂ ಮೂರು ಮಾಡ್ಬೇಕು" ಅಂದಳು. ಎಕರೆ ಸಣ್ಣದಾಗುತ್ತಾ ಹೋದರೂ ಮೂರನೇ ಒಂದು ಬಿಡುವುದಿಲ್ಲ ಅನ್ನುವುದನ್ನು ಅವಳೇ ಕಂಡುಕೊಂಡಳು.

ಮಾಡಿ ನೋಡುವವರಿಗೆ ಒಂದೆರಡು ಮಾತು. ಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ದುಡ್ಡು ದಂಡ, ಮಡಿಸಲೂ ಬರುವುದಿಲ್ಲ. ಹರಿದರೆ ಮಗು ಮತ್ತೆ ಮಾಡಲಿ, ಅದೂ ಅಭ್ಯಾಸವೇ. ಪಟ್ಟಿಗಳನ್ನು ಹಳೆ ಲಗ್ನಪತ್ರಿಕೆಯ ಕವರಿನಲ್ಲಿ ಹೆಸರು ಬರೆದು ಇಡಿಸಿ. ಇನ್ನು ಆ ಚೀಟಿಗಳಿವೆಯಲ್ಲ, ಯಾವ ಭಿನ್ನರಾಶಿಯ ಹಿಂದೆ ಯಾವುದು ಬರಬೇಕು ಅನ್ನುವ ಕ್ರಮ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೂಡಿಸಲು ಬಹಳ ಸಂಜೆ ಹೋಗಿವೆ. ತರಗತಿಗೆ ಬಂದು ಕೂತು ನೋಡಿದವರಿಗೆ ತಾನಾಗಿ ಗೊತ್ತಾಗುತ್ತದೆ, ಬಂದವರಿಗೆ ಬಚ್ಚಿಟ್ಟಿಲ್ಲ. ಮಾತೇ ಆಡದ ಮಗುವಿನ ಬೆರಳು ಮೊದಲು ಗೆರೆಯ ಮೇಲೆ ಬರುವ ಹಾಗೆ ಮಾಡುವುದಕ್ಕೂ ಒಂದು ಉಪಾಯ ಇದೆ. ಅದೂ ಹಾಗೆಯೇ.

ಗುಣಾಕಾರಕ್ಕೆ ಈ ಪಟ್ಟಿ ಸಾಲದು. ಅರ್ಧದಲ್ಲಿ ಮೂರನೇ ಒಂದು ಅನ್ನುವುದನ್ನು ಉದ್ದದ ಮೇಲೆ ತೋರಿಸಿದರೆ ಕೆಲವರಿಗೆ ಹತ್ತುತ್ತದೆ, ಎಲ್ಲರಿಗೂ ಹತ್ತುವುದಿಲ್ಲ. ಈಗ ಚೌಕ ಹಾಳೆಯನ್ನು ಒಂದು ಸಲ ಉದ್ದಕ್ಕೆ ಎರಡಾಗಿ, ಒಂದು ಸಲ ಅಡ್ಡಕ್ಕೆ ಮೂರಾಗಿ ಮಡಿಸಿ ನೋಡುತ್ತಿದ್ದೇನೆ. ಆರು ಮನೆಯಲ್ಲಿ ಒಂದು ಮನೆ ಅಂತ ಹೇಳುವವರು ಈಗಾಗಲೇ ಹತ್ತು ಹನ್ನೆರಡು ಮಕ್ಕಳಿದ್ದಾರೆ. ದಸರಾ ರಜೆ ಮುಗಿದ ಮೇಲೆ ಉಳಿದವರನ್ನು ಹಿಡಿಯಬೇಕು.